ಹಲ್ಲಿನೊಳಗಿನ ನೀಲಿ

ಈರಮ್ಮಕ್ಕ, ನಿಮ್ಮ ಹಲ್ಲು ಕೆಟ್ಟದ್ದು ಎಲೆಯಡಿಕೆಯಿಂದಲ್ಲ. ನಾನು ತುಂಬಿದ ಸಿಮೆಂಟಿನಿಂದ. ಅದು ಸೋರುತ್ತದೆಂಬ ಅನುಮಾನ ನನಗೆ ಮೊದಲೇ ಇತ್ತು — ಅನುಮಾನವೇನು, ಕಣ್ಣಾರೆ ಕಂಡಿದ್ದೆ.

ಆಗ ಬಳ್ಳಾರಿಯಲ್ಲಿ ದಂತವೈದ್ಯಕೀಯ ಓದುತ್ತಿದ್ದೆ. ಹುಳುಕಿಗೆ ತುಂಬುವ ಎರಡು ಬಗೆಯ ಸಿಮೆಂಟಿನಲ್ಲಿ ಯಾವುದು ಹೆಚ್ಚು ಬಿಗಿಯಾಗಿ ಕೂರುತ್ತದೆ ಎಂದು ಹೋಲಿಸುವುದು ನನ್ನ ಕೆಲಸ. ಕಿತ್ತ ಹಲ್ಲುಗಳನ್ನು ತುಂಬಿ, ತುಂಬಿದ ಜಾಗ ಮತ್ತು ಅದರ ಅಂಚನ್ನಷ್ಟೇ ಬಿಟ್ಟು ಉಳಿದೆಡೆಯೆಲ್ಲ ಉಗುರುಬಣ್ಣ ಬಳಿದು, ನೀಲಿ ನೀರಿನಲ್ಲಿ ಅದ್ದಿಡಬೇಕು. ಆಮೇಲೆ ಸೀಳಿದರೆ ನೀಲಿ ಎಷ್ಟು ಒಳಗಿಳಿದಿದೆ ಎಂದು ಕಾಣುತ್ತದೆ; ಇಳಿದಷ್ಟೂ ಸಿಮೆಂಟು ಸೋರುತ್ತದೆಂದು ಅರ್ಥ.

“ಲೇ, ನಿನ್ನ ಉಗುರಿಗೆ ಒಂದಿನಾನೂ ಹಚ್ಚಿದಾಕಿ ಅಲ್ಲ, ಕಿತ್ತ ಹಲ್ಲಿಗೆ ಸಿಂಗಾರ ಮಾಡಾಕತ್ತೀ!” ಎಂದು ಗೆಳತಿ ಶಬಾನಾ ನಗುತ್ತಿದ್ದಳು.

ಒಂದು ಡಬ್ಬಿಯ ಸಿಮೆಂಟು ತುಂಬಿದ ಹಲ್ಲುಗಳಲ್ಲಿ ನೀಲಿ ತಳದವರೆಗೂ ಇಳಿದಿತ್ತು. ಆ ಡಬ್ಬಿ ಬೇಸಿಗೆಯಿಡೀ, ಊರೂರಿಗೆ ಹಲ್ಲಿನ ಶಿಬಿರಕ್ಕೆ ಹೋಗುವ ಕಾಲೇಜಿನ ವ್ಯಾನಿನಲ್ಲಿ ಬಿದ್ದಿತ್ತು. ಬಳ್ಳಾರಿ ಬಿಸಿಲಿಗೆ ಕೆಟ್ಟಿರಬೇಕು. ಅಲ್ಲಿ ಮರೆತವಳು ನಾನೇ — ಪ್ರಾಧ್ಯಾಪಕರಿಗೆ ಹಾಗೆಂದು ಹೇಳಲು ಹೆದರಿ, “ಉಗುರುಬಣ್ಣ ಸರಿ ಕೂತಿಲ್ಲ ಸರ್” ಎಂದೆ. ಹೊಸ ಡಬ್ಬಿ ತಂದು ಮತ್ತೆ ಮಾಡಿದೆ. ಹಳೆಯದನ್ನು ಎಸೆದರೆ ಯಾಕೆಂದು ಕೇಳುತ್ತಾರಲ್ಲ… ವ್ಯಾನಿಗೇ ಮರಳಿಸಿದೆ.

ಸಿರುಗುಪ್ಪದ ಶಿಬಿರದಲ್ಲಿ ನೀವು ಬಾಯ್ತೆರೆದು ಕೂತಾಗ ನನ್ನ ಕೈಗೆ ಬಂದದ್ದು ಅದೇ ಡಬ್ಬಿ. ಗುರುತು ಸಿಕ್ಕಿತು. ಹಿಂದೆ ಸಾಲು ಕಾಯುತ್ತಿತ್ತು — ತುಂಬಿಬಿಟ್ಟೆ.

ಮುಂದಿನ ಶಿಬಿರದಲ್ಲಿ ಮತ್ತೆ ನಿಮ್ಮನ್ನು ಕಂಡಾಗ ಆ ಹಲ್ಲು ಕೆಟ್ಟು, ದವಡೆಯ ಕೀವು ಕುತ್ತಿಗೆಗೆ ಇಳಿದಿತ್ತು. ಬಳ್ಳಾರಿಯ ಆಸ್ಪತ್ರೆಗೆ ಕರೆತರುವಾಗ, ಕುರುಗೋಡು ಕ್ರಾಸ್ ದಾಟುವಷ್ಟರಲ್ಲಿ, ಉಗುಳೂ ನುಂಗಲಾಗದೆ ನಿಮ್ಮ ಉಸಿರು ಸಣ್ಣಗೆ ಸಿಳ್ಳು ಹಾಕತೊಡಗಿತು. ಈಗಲೂ ಕುಕ್ಕರ್ ಕೂಗುವ ಮುಂಚಿನ ಆ ಸದ್ದು ಕೇಳಿದರೆ ಓಡಿಹೋಗಿ ಒಲೆ ಆರಿಸುತ್ತೇನೆ. ಅಂದು ನಿಮ್ಮ ಉಸಿರು ನಿಂತೇಬಿಟ್ಟಿದ್ದರೆ —

ನನ್ನ ಮಣಿಕಟ್ಟು ಹಿಡಿದು ಕೇಳಿದಿರಿ: “ಎಲಿ ಅಡಿಕಿ… ಹಾಕ್ಕೊಂಡಿದ್ದಕ್ಕ ಹಿಂಗಾತೇನವ್ವಾ?”

“ಹ್ಞೂಂ” ಎಂದೆ.

ಕುತ್ತಿಗೆ ಕೊಯ್ದು, ಕೀವು ತೆಗೆದು, ನಿಮ್ಮನ್ನು ಉಳಿಸಿದರು. ನೀವು ಎಲೆಯಡಿಕೆ ಬಿಟ್ಟಿರಿ. ಅಕ್ಕಿ ಗಿರಣಿಯಲ್ಲಿ ಜೊತೆಗೆ ದುಡಿಯುವ ಹೆಂಗಸರಿಗೆ ಗಾಯದ ಗೆರೆ ತೋರಿಸಿ, “ನನ್ನ ನೋಡಿ ಬಿಡ್ರೇ, ತಪ್ಪು ನಂದೈತಿ” ಎನ್ನುತ್ತೀರಂತೆ.

ಸೀಳಿದ ಹಲ್ಲಿನ ಒಂದು ಹೋಳು ಇನ್ನೂ ನನ್ನ ಬಳಿಯಿದೆ. ನೀಲಿ ಮಾಸಿಲ್ಲ. ಅದನ್ನು ಹಿಡಿದು ಸಿರುಗುಪ್ಪಕ್ಕೆ ಬರುತ್ತಿದ್ದೇನೆ. ಗಿರಣಿಯಲ್ಲೇ, ಆ ಹೆಂಗಸರೆಲ್ಲರ ಎದುರಿಗೇ ಹೇಳುತ್ತೇನೆ. ನೀವು ಏನೆನ್ನುವಿರೋ… “ತಪ್ಪು ನಂದೈತಿ” ಎಂದು ಇನ್ನು ಯಾರಿಗೂ ಹೇಳಬೇಡಿ, ಅಕ್ಕ. ಆ ಮಾತು ನನ್ನದು.