ತನ್ನದೇ ಮಾನಿಟರ್ ಕಾದವಳು

ಆ ಕ್ಲಿನಿಕ್ಕಿನ ಪರದೆಯಲ್ಲಿ ಮೀನುಗಳಿದ್ದವು. ಅಲ್ಲ, ದೋಣಿ ಅನ್ನುತ್ತಾಳೆ ನನ್ನ ಹೆಂಡತಿ. ತಲೆಗೆ ವಯರು ಅಂಟಿಸಿಕೊಂಡು ಕೂತವಳು ಅವಳು. ದೋಣಿಯೇ ಇರಲಿ.

ಅವಳು ಐಸಿಯು ನರ್ಸ್. ಹಲವು ವರ್ಷ ಕುವೈತಿನಲ್ಲಿ, ಆಮೇಲೆ ಇಲ್ಲಿ. ನಿದ್ದೆ ಕೆಟ್ಟು ತಿಂಗಳುಗಳಾಗಿದ್ದವು. ಒಂದು ಬೆಳಿಗ್ಗೆ ಒಬ್ಬರ ಇಂಜೆಕ್ಷನನ್ನು ಪಕ್ಕದ ಹಾಸಿಗೆಯವರಿಗೆ ಚುಚ್ಚಲು ಹೊರಟು ಕೊನೆಯ ಗಳಿಗೆಯಲ್ಲಿ ಕೈ ತಡೆದಳಂತೆ. ಯಾರೂ ನೋಡಿರಲಿಲ್ಲ. ತಾನೇ ಹೋಗಿ ಹೆಡ್ ನರ್ಸಿಗೆ ಹೇಳಿ ರಜೆ ಹಾಕಿದಳು. ನಿದ್ದೆ ಸರಿಯಾಗದೆ ವಾರ್ಡಿಗೆ ಕಾಲಿಡುವುದಿಲ್ಲ ಎಂದಳು. ಮನೋವೈದ್ಯರು ಮಾತ್ರೆಯ ಜೊತೆಗೆ ನ್ಯೂರೋಫೀಡ್‌ಬ್ಯಾಕ್ ಎಂಬ ಮೆದುಳಿನ ತರಬೇತಿ ಸೂಚಿಸಿದರು. ಎಲ್ಲರಿಗೂ ಹಿಡಿಸುವುದಿಲ್ಲ ಎಂದೂ ಹೇಳಿದರು. ಹಾಗೆ ಕುಲಶೇಖರದ ನಮ್ಮ ಮನೆಯಿಂದ ಆ ಕ್ಲಿನಿಕ್ಕಿಗೆ ವಾರಕ್ಕೆರಡು ಸಲ ಇಬ್ಬರಿಗೂ ಬಸ್ಸು.

ಮೆದುಳಿನ ಅಲೆಗಳು ಶಾಂತವಾದರೆ ಪರದೆಯ ಚಿತ್ರ ಬೆಳಗುತ್ತದೆ, ಬಿಗಿದರೆ ಮಂಕಾಗುತ್ತದೆ. ಅವಳದು ಯಾವಾಗಲೂ ಮಂಕು. ಅವಳು ದೋಣಿ ನೋಡುತ್ತಲೇ ಇರಲಿಲ್ಲ. ತರಬೇತಿ ಕೊಡುವ ಯುವತಿಗಾಗಿ ಬದಿಯಲ್ಲಿಟ್ಟಿದ್ದ ಮಾನಿಟರಿನಲ್ಲಿ ತನ್ನ ಅಲೆಗಳ ಗೆರೆಗಳನ್ನು ಓರೆಗಣ್ಣಿನಲ್ಲಿ ಕಾಯುತ್ತಿದ್ದಳು. ಗೆರೆ ಜಿಗಿದರೆ ಅವಳ ಬೆನ್ನು ನೆಟ್ಟಗಾಗುತ್ತಿತ್ತು. ಆಗ ಗೆರೆ ಇನ್ನೂ ಜಿಗಿಯುತ್ತಿತ್ತು.

"ಆಂಟಿ, ನಿಮಗೆ ಎಂತ ಮಾಡ್ಲಿಕ್ಕಿಲ್ಲ. ಸುಮ್ಮನೆ ಕೂತ್ಕೊಳ್ಳಿ."

"ಸುಮ್ಮನೆ ಕೂತ್ಕೊಳ್ಳಿಕ್ಕೆ ನಾನು ಎಂತ ವಿಸಿಟರಾ?"

ಮೂರನೆಯ ದಿನವೋ ಐದನೆಯದೋ, ಯುವತಿ ಮಾನಿಟರನ್ನು ತನ್ನ ಕಡೆ ತಿರುಗಿಸಿಕೊಂಡಳು.

"ಈಗ ಅದನ್ನು ಯಾರು ನೋಡ್ತಾರೆ?" ಹೆಂಡತಿ ಚಡಪಡಿಸಿದಳು.

"ನಾನು."

"ನಿನಗೆ ಡ್ಯೂಟಿ ಒಪ್ಪಿಸಿದ್ದು ಯಾರು?"

"ಹಾಗಾದ್ರೆ ಒಪ್ಪಿಸಿ ಆಂಟಿ!"

ಐಸಿಯುವಿನಲ್ಲಿ ಪಾಳಿ ಮುಗಿಸುವ ನರ್ಸ್ ಹಾಸಿಗೆಯ ಬಳಿ ನಿಂತು ಮುಂದಿನ ಪಾಳಿಗೆ ಬಂದವಳಿಗೆ ರೋಗಿಯ ಸ್ಥಿತಿ ಎಲ್ಲ ಹೇಳಬೇಕು. ಹೇಳದೆ ಮನೆಗೆ ಹೋಗುವಂತಿಲ್ಲ. ನನ್ನ ಹೆಂಡತಿ ನಗಲಿಲ್ಲ.

"ಹೆಂಗಸು, ಐವತ್ತೆರಡು. ನಿನ್ನೆ ಮೂರು ಗಂಟೆ ನಿದ್ದೆ, ಅದೂ ತುಂಡು ತುಂಡು. ಬಿಪಿ ಅಡ್ಡಿಲ್ಲ. ಗಂಡನ ಗೊರಕೆ ಉಂಟು. ಕೈ ತಪ್ಪಿ ಯಾರನ್ನಾದ್ರೂ ಕೊಲ್ತೇನಾ ಅಂತ ಹೆದರಿಕೆ ಉಂಟು."

ಯುವತಿ ಎಲ್ಲವನ್ನೂ ಬರೆದುಕೊಂಡಳು. "ಆಯ್ತು. ಇನ್ನು ನಾನು ನೋಡ್ಕೊಳ್ತೇನೆ. ನೀವು ಹೋಗಿ."

ಹೆಂಡತಿಯ ಭುಜ ಇಳಿಯಿತು. ಚಿತ್ರ ಒಂದಷ್ಟು ಹೊತ್ತು ಬೆಳಗಿತು.

ಅಂದಿನಿಂದ ನಿದ್ದೆ ಬಂತು ಎಂದು ಬರೆಯಲು ಕೈ ತುಡಿಯುತ್ತದೆ, ಸುಳ್ಳಾದೀತು. ಕೆಲವು ರಾತ್ರಿ ಐದು ಗಂಟೆ, ಕೆಲವು ರಾತ್ರಿ ಏನೂ ಇಲ್ಲ. ಯಂತ್ರದಿಂದಲೋ, ಮಾತ್ರೆಯಿಂದಲೋ, ನಾನು ಬೇರೆ ಕೋಣೆಗೆ ಹೋದದ್ದರಿಂದಲೋ ತಿಳಿಯದು. ಮಳೆಗಾಲಕ್ಕೆ ಮುಂಚೆ ಆಸ್ಪತ್ರೆಯಿಂದ ಹೆಡ್ ನರ್ಸಿನ ಫೋನ್ ಬಂತು, ಕೆಲಸಕ್ಕೆ ಯಾವಾಗ ಬರುತ್ತೀರಿ ಎಂದು.

"ಐಸಿಯು ಈಗ ಬೇಡ ಸಿಸ್ಟರ್," ಎಂದಳು ಹೆಂಡತಿ. "ಒಪಿಡಿಗೆ ಹಾಕಿ. ಬಿಪಿ ನೋಡ್ತೇನೆ, ತೂಕ ನೋಡ್ತೇನೆ. ಇಂಜೆಕ್ಷನ್ ಕೊಡುದಿಲ್ಲ. ನಿದ್ದೆ ಮತ್ತೆ ಕೆಟ್ಟರೆ ನಾನೇ ಹೇಳ್ತೇನೆ."

ಸಂಜೆ ಯೂನಿಫಾರ್ಮ್ ಹಾಕಿ ನೋಡಿದಳು. ಸೊಂಟದಲ್ಲಿ ಬಿಗಿಯಾಗಿತ್ತು. ಹೊಲಿಗೆ ಬಿಚ್ಚಲು ಕತ್ತರಿ ಹುಡುಕತೊಡಗಿದಳು.