ಮುಳುಗುವ ಕೆಲಸದ ವಾಸಣ್ಣ

ನಮ್ಮ ಕಡೆ ಒಬ್ಬರು ಮುಳುಗಿದರು ಎಂದರೆ ಅವರ ಹೋಟೆಲ್ ಮುಚ್ಚಿತು ಎಂದೇ ಅರ್ಥ. ಮುಳುಗಿಯೂ ತಿಂಗಳು ತಿಂಗಳು ಸಂಬಳ ಪಡೆದವರು ನಾನು ಕಂಡಂತೆ ಕಿರಿಮಂಜೇಶ್ವರದ ವಾಸಣ್ಣ ಒಬ್ಬರೇ. ಅಂಡಮಾನಿನಲ್ಲಿ ಪ್ರವಾಸಿಗರನ್ನು ಸಮುದ್ರದೊಳಗೆ ಕರೆದುಕೊಂಡು ಹೋಗಿ, ಮೀನು, ಆಮೆ, ಹವಳ ತೋರಿಸಿ, ಜೀವಸಹಿತ ಮೇಲೆ ತರುವುದು ಅವರ ಉದ್ಯೋಗ. ಮೊದಲು ಅದೇ ಕಂಪನಿಯ ದೋಣಿಗೆ ಅಡುಗೆಯವರಾಗಿ ಸೇರಿದ್ದರು. ಸಾಂಬಾರು ಕುದಿಯಲು ಬಿಟ್ಟು ನೀರಿಗಿಳಿಯುವುದನ್ನು ಕಲಿತವರು, ಆಮೇಲೆ ಸಾಂಬಾರಿನ ಕಡೆ ತಿರುಗಿ ನೋಡಲಿಲ್ಲ.

ಈ ಬಡ್ತಿ ಅವರ ಅಮ್ಮನಿಗೆ ಮಾತ್ರ ಅರ್ಥವಾಗಲಿಲ್ಲ. ಗಂಡ ಮುಂಬಯಿಯಲ್ಲಿ ನಡೆಸುತ್ತಿದ್ದ ಹೋಟೆಲ್ ಮುಚ್ಚಿ ಊರಿಗೆ ಬಂದದ್ದನ್ನು ಕಂಡವರು ಅವರು.

"ಎಂತ ಕೆಲ್ಸವೊ ನಿಂದ್?"

"ಮುಳ್ಗುದ್ ಅಮ್ಮ."

"ನಿನ್ನ ಅಪ್ಪಯ್ಯ ಬೊಂಬಾಯಂಗೆ ಮುಳ್ಗದ್ದ್ ಸಾಕಾಯ್ಲಿಲ್ಯಾ?"

ದೇವಸ್ಥಾನದ ಅಡುಗೆಮನೆಯಲ್ಲಿ ತಲೆಮಾರುಗಳಿಂದ ಸೌಟು ಹಿಡಿದ ಮನೆತನ ಅದು. ಮೀನಿನ ನಡುವೆ ಬೇಕಾದರೆ ಇರು, ಬಾಯಿಗೆ ಮಾತ್ರ ಮುಟ್ಟಿಸಬೇಡ ಎಂದು ಅಮ್ಮ ಒಂದೇ ಷರತ್ತು ಹಾಕಿದರು. ವಾಸಣ್ಣ ದೇವರ ದೀಪ ಮುಟ್ಟಿ ಮಾತು ಕೊಟ್ಟು ಹೊರಟರು.

ಗಂಗೊಳ್ಳಿಯ ನಮ್ಮದು ಮೀನಿನ ವ್ಯಾಪಾರದ ಮನೆ. ವಾಸಣ್ಣ ನನ್ನ ಅಣ್ಣನ ಕಾಲೇಜು ಗೆಳೆಯ. ರಜೆಯಲ್ಲಿ ಬಂದಾಗ ನಮ್ಮ ಜಗಲಿಯಲ್ಲಿ ಕೂತು, ನಮ್ಮದೇ ಚಹಾ ಕುಡಿಯುತ್ತ, ನಮ್ಮನ್ನೇ ಹಂಗಿಸುತ್ತಿದ್ದರು. "ನೀವ್ ಮೀನ್ ಕಂಡದ್ದೇ ಬುಟ್ಟಿ ಒಳ್ಗೆ. ನಾನ್ ಅವ್ರ ಮನೆಗೇ ಹೋಯ್ ಬತ್ತೆ." ಮೀನು ತಿನ್ನುವವರು ಯಾರು, ತಿನ್ನದವರು ಯಾರು ಎಂಬುದು ಮೀನುಗಳಿಗೆ ತಿಳಿಯುತ್ತದೆ ಎಂಬುದು ಅವರ ಸಿದ್ಧಾಂತ. "ನಿಮ್ಮನ್ ಕಂಡ್ರೆ ಓಡ್ತೊ. ನನ್ನ್ ಕಂಡ್ರೆ ಹತ್ರ ಬಂದ್, ಊಟ ಆಯ್ತಾ ಭಟ್ರೆ ಅಂತ ಕೇಂತೊ."

ಅಲ್ಲಿನ ಜೀವಿಗಳಿಗೆಲ್ಲ ಅವರು ಊರಿನ ಪದವಿಗಳನ್ನು ಹಂಚಿದ್ದರು. ಬಂಡೆಯ ಬಿಲದಿಂದ ತಲೆ ಮಾತ್ರ ಹೊರಗೆ ಹಾಕಿ ಸುಮ್ಮನೆ ಬಾಯಿ ತೆರೆದು ಮುಚ್ಚುವ ಹಾವುಮೀನು 'ದೇವಸ್ಥಾನದ ಮೊಕ್ತೇಸರ್ರು'. ಯಾರ ಗಡಿಬಿಡಿಗೂ ಸಿಗದೆ ತೇಲುವ ಆಮೆ 'ಪಂಕ್ತಿ ಊಟ ಮುಗ್ಸಿ ಎದ್ದ ಅಜ್ಜಯ್ಯ'. ಇಷ್ಟೆಲ್ಲ ಕೇಳಿ, ಚಾಪೆಯಂತೆ ಚಪ್ಪಟೆಯಾದ ತೊರಕೆ ಮೀನು ಈಜುವುದನ್ನು ಕಾಣಲು ನನಗೂ ಆಸೆ ಹುಟ್ಟಿತು. ಅಣ್ಣನ ಜೊತೆ ನಾನೂ ಅಂಡಮಾನಿಗೆ ಹೊರಟೆ ಎಂದಾಗ ಫೋನಿನಲ್ಲಿ ವಾಸಣ್ಣನ ಅಪ್ಪಣೆಯಾಯಿತು.

"ನಿಂಗೆ ದೊಡ್ಡ ತೊರಕೆ ಕಾಣ್ಕಾ? ಹಾಂಗಾರೆ ಒಂದ್ ತಿಂಗ್ಳ್ ಮೀನ್ ಬಿಡ್."

ಬಿಟ್ಟೆ. "ಯಾವ ದೇವ್ರಿಗೆ ಹರ್ಕಿ?" ಎಂದು ಅತ್ತಿಗೆ ಕೇಳಿದರು. "ಮೀನಿಗೆ" ಎಂದೆ. ಅತ್ತಿಗೆ ಆ ತಿಂಗಳಿಡೀ ಬೇಕೆಂದೇ ಬಂಗುಡೆ ಹುರಿದರು. ನಾನು ಮೂಗು ಮುಚ್ಚಿಕೊಂಡು ಮಜ್ಜಿಗೆ ಅನ್ನ ಉಂಡೆ.

ವಾಸಣ್ಣ ನಮ್ಮನ್ನು ಕರೆದುಕೊಂಡು ಹೋದದ್ದು ಬ್ಯಾರನ್ ದ್ವೀಪಕ್ಕೆ. ಸುತ್ತ ಎಲ್ಲೂ ನೆಲ ಕಾಣದ ಸಮುದ್ರದ ನಡುವೆ ಒಂದು ಕರಿಯ ಗುಡ್ಡ, ಅದರ ನೆತ್ತಿಯಿಂದ ತೆಳ್ಳಗೆ ಹೊಗೆ. ಭೂಮಿಯೊಳಗಿನ ಬೆಂಕಿ ಕಕ್ಕಿದ ಬೂದಿಯೇ ಗುಡ್ಡವಾದದ್ದಂತೆ. "ನಮ್ಮನೆ ಬಚ್ಚಲೊಲೆ ಕಂಡಾಂಗೆ ಇಲ್ಯಾ?" ಎಂದರು ವಾಸಣ್ಣ. ಅಣ್ಣ ದುಡುಮ್ಮನೆ ನೀರಿಗೆ ಹಾರಿದ. ನಾನು ಕನ್ನಡಕ ಬಿಗಿದು, ಉಸಿರಿನ ಕೊಳವೆ ಕಚ್ಚಿಕೊಂಡು, ದೋಣಿಯ ಏಣಿಯನ್ನು ಎರಡೂ ಕೈಯಿಂದ ತಬ್ಬಿ ನಿಂತೆ. ಮೀನಿನ ಮನೆಯಲ್ಲಿ ಹುಟ್ಟಿಯೂ ಮೊಣಕಾಲಿಗಿಂತ ಮೇಲೆ ಸಮುದ್ರ ಕಂಡವಳಲ್ಲ ನಾನು.

"ವಾಸಣ್ಣ, ನಂಗೆ ಆತಿಲ್ಲೆ."

"ಬ್ಯಾಡ ಬಿಡ್. ಒಂದ್ ತಿಂಗ್ಳ್ ಮೀನ್ ಬಿಟ್ಟದ್ದ್ ನೀರಂಗೆ ಹೋಮ ಮಾಡ್ದಾಂಗೆ ಆಯ್ತ್."

ಅತ್ತಿಗೆ ಹುರಿದ ಅಷ್ಟೂ ಬಂಗುಡೆ ಕಣ್ಣ ಮುಂದೆ ಬಂದವು. ಸಿಟ್ಟಿನಲ್ಲಿ ಏಣಿ ಬಿಟ್ಟೆ.

ಮುಖ ನೀರಿಗಿಟ್ಟ ಮೇಲೆ ಸಿಟ್ಟೂ ನೆನಪಾಗಲಿಲ್ಲ. ಕರಿಯ ಇಳಿಜಾರು ನೀಲಿಯೊಳಗೆ ಇಳಿದು ಇಳಿದು ಕಾಣದಾಗಿತ್ತು. ಹಳದಿ ಮೀನುಗಳು ನನ್ನ ಬೆರಳಿನವರೆಗೆ ಬಂದು ಹೋದವು. ವಾಸಣ್ಣ ಮೊಣಕೈ ಮುಟ್ಟಿ ಕೆಳಗೆ ತೋರಿಸಿದರು. ನಮ್ಮ ಜಗಲಿಯಷ್ಟು ಅಗಲದ ತೊರಕೆಯೊಂದು ರೆಕ್ಕೆ ಬೀಸುತ್ತ, ಏನೂ ಅವಸರವಿಲ್ಲದೆ, ನನ್ನ ಅಡಿಯಲ್ಲೇ ದಾಟಿ ಹೋಯಿತು. ಒಮ್ಮೆ ಮಗುಚಿ ಬಿಳಿಯ ಹೊಟ್ಟೆ ತೋರಿಸಿತು. ನಾವು ತೂಕ ಹಾಕಿ ಮಾರಿದ ಮೀನು ಹೀಗಿರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಕನ್ನಡಕದೊಳಗೇ ಅತ್ತೆ.

ಮೇಲೆ ಬಂದು, ವಾಸಣ್ಣನ ಸಿದ್ಧಾಂತಕ್ಕೆ ಮನಸ್ಸಿನಲ್ಲೇ ಕೈಮುಗಿದು, ಕುಡಿಯುವ ನೀರು ಹುಡುಕುತ್ತ ದೋಣಿಯ ಅಡುಗೆಕೋಣೆಗೆ ಹೋದೆ. ಅಲ್ಲಿ ವಾಸಣ್ಣ ಒದ್ದೆ ಮೈಯಲ್ಲೇ ಮೂಲೆಯಲ್ಲಿ ಕೂತಿದ್ದರು. ಬಾಯಿಂದ ಹುರಿದ ಬಂಗುಡೆಯ ಬಾಲ ಹೊರಗಿಣುಕುತ್ತಿತ್ತು.

"ಇದ್... ಉಪ್ಪ್ ಸಮಾ ಇತ್ತಾ ಅಂತ ಕಾಂತಿದ್ದೆ."

"ಎಷ್ಟ್ ವರ್ಷದಿಂದ ಉಪ್ಪ್ ಕಾಂತಿದ್ರಿ?"

"ಅಡಿಗೆಗ್ ಸೇರ್ದಲ್ಲಿಂದ. ರುಚಿ ಕಾಣ್ದೆ ಬಡ್ಸುದ್ ಹ್ಯಾಂಗೆ ಮಾರಾಯ್ತಿ?"

"ಮತ್ತೆ ನನ್ನ ಹತ್ರ ಮೀನ್ ಬಿಡ್ಸದ್ದ್ ಎಂತಕೆ?"

"ನಿಂಗೆ ನೀರಂದ್ರೆ ಹೆದ್ರಿಕೆ ಅಂತ ನಿನ್ನಣ್ಣ ಹೇಳಿದ್ದ. ಮೀನ್ ಬಿಟ್ಟ್ ಬಂದ ಗಂಗೊಳ್ಳಿಯವಳ್ ನೀರಿಗ್ ಇಳಿಯದೆ ವಾಪಾಸ್ ಹೋಪುದುಂಟಾ?"

ಬೈಯಬೇಕೆಂದು ಬಾಯಿ ತೆರೆದವಳಿಗೆ ನಗು ಬಂತು. ಅವರು ಮಾತ್ರ ನಗಲಿಲ್ಲ. "ಅಮ್ಮಂಗೆ ಗೊತ್ತಾಪುಕಾಗ. ದೀಪ ಮುಟ್ಟಿದ್ದೆ ನಾನ್," ಎಂದರು. ಶಾರ್ಕುಗಳ ನಡುವೆ ನಿಶ್ಚಿಂತೆಯಿಂದ ಓಡಾಡುವ ಮನುಷ್ಯನ ಮುಖ ಸಣ್ಣದಾಗಿತ್ತು. ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ತಟ್ಟೆಯಲ್ಲಿ ಉಳಿದಿದ್ದ ಬಂಗುಡೆಯನ್ನು ನಾನು ತಿಂದೆ.

ಅಲ್ಲಿಂದ ಪ್ರತಿ ರಜೆಯಲ್ಲೂ ವಾಸಣ್ಣ ನಮ್ಮ ಮನೆಗೆ 'ಉಪ್ಪು ನೋಡಲು' ಬರುತ್ತಿದ್ದರು. ಉಂಡಾದ ಮೇಲೆ ಸೋಪು ಹಾಕಿ ಕೈ ತೊಳೆದು, ಏಲಕ್ಕಿ ಜಗಿದು, ಕಿರಿಮಂಜೇಶ್ವರದ ಬಸ್ಸು ಹತ್ತುತ್ತಿದ್ದರು.

ಹೋದ ಮಳೆಗಾಲದಲ್ಲಿ ರಜೆಗೆ ಬಂದವರು ಒಂದು ಬೆಳಿಗ್ಗೆ ಏಳಲೇ ಇಲ್ಲ. ಹೃದಯ ನಿಂತಿತ್ತು. ಅಷ್ಟು ನೀರು ದಾಟಿ ಬಂದವರು ಮನೆಯ ಚಾಪೆಯ ಮೇಲೆ ಹೋದದ್ದನ್ನು ನನಗೆ ಇಂದಿಗೂ ಒಪ್ಪಲಾಗುವುದಿಲ್ಲ.

ಉತ್ತರಕ್ರಿಯೆಯ ಬೊಜ್ಜದ ಊಟ ಮುಗಿದ ಮೇಲೆ ಅವರ ಅಮ್ಮ ನನ್ನೊಬ್ಬಳನ್ನೇ ಬಾವಿಕಟ್ಟೆಯ ಹತ್ತಿರ ಕರೆದರು.

"ಅವ ಮೀನ್ ತಿಂತಿದ್ದ, ಅಲ್ದಾ?"

ನಾನು ಬಾವಿಯೊಳಗೆ ನೋಡಿದೆ.

"ನೀನ್ ಹೇಳ್ಬೇಡ. ಗಂಗೊಳ್ಳಿಗ್ ಹೋಯ್ ಬಂದ ದಿನ ಅವ ನನ್ನ ಹತ್ರ ಕೂಕಂತಿರ್ಲಿಲ್ಲೆ. ದೂರ ಕೂಕಂಡೇ ಮಾತಾಡ್ತಿದ್ದ. ಹೆತ್ತವ್ಳಿಗೆ ಅಷ್ಟೂ ತಿಳಿತಿಲ್ಯಾ?" ಬಾವಿಯ ಹಗ್ಗ ಸುತ್ತಿಡುತ್ತ ಕೇಳಿದರು, "ಯಾವ್ದ್ ಇಷ್ಟ ಅವಂಗೆ?"

"ಬಂಗುಡೆ, ಅಮ್ಮ."

"ಹ್ಯಾಂಗಿರತ್ತ್ ಅದ್? ಮೀನಿನ್ ಬುಟ್ಟಿ ಬಂದ್ರೆ ನಾನ್ ಆಚಿ ಮೋರೆ ಮಾಡ್ತಿದ್ದೆ. ಸಮಾ ಕಂಡದ್ದೇ ಇಲ್ಲೆ."

ವಾಸಣ್ಣ ನೀರಿನೊಳಗೆ ತೆಗೆದು ಕಳಿಸಿದ್ದ ವಿಡಿಯೊ ಒಂದು ನನ್ನ ಮೊಬೈಲಿನಲ್ಲಿತ್ತು. ನೂರಾರು ಬಂಗುಡೆಗಳು ಬಾಯಿ ತೆರೆದುಕೊಂಡು ಬರುತ್ತವೆ, ಒಮ್ಮೆಲೇ ಎಲ್ಲವೂ ತಿರುಗುತ್ತವೆ, ನೀರೆಲ್ಲ ಬೆಳ್ಳಿಯಾಗುತ್ತದೆ. ಅಮ್ಮ ಸೆರಗಿನಲ್ಲಿ ಕನ್ನಡಕ ಒರೆಸಿ ನೋಡಿದರು. ಮುಗಿದ ಮೇಲೆ ಇನ್ನೊಮ್ಮೆ ಹಾಕಿಸಿದರು.

"ಅಯ್ಯೊ ದೇವ್ರೆ," ಎಂದರು, ಮೊಬೈಲನ್ನು ಹಿಂದಕ್ಕೆ ಕೊಡದೆ. "ಇಷ್ಟ್ ಚೆಂದದ್ದನ್ನ ತಿಂಬುಕೆ ಅವಂಗೆ ಮನ್ಸ್ ಹ್ಯಾಂಗ್ ಬಂತೇ?"