ಬಸವ್ವನ ಕಟಕ ರೊಟ್ಟಿ

ಎಪ್ಪತ್ತಾರನೆಯ ಇಸವಿಯಲ್ಲಿ ನಾನು ಗುರುವಾರ ಗುರುವಾರ ಮಧ್ಯಾಹ್ನ ಹೊಸಹಳ್ಳಿಯಿಂದ ರಾಜಾಜಿನಗರಕ್ಕೆ ಹೋಗುತ್ತಿದ್ದೆ. ಕೇಳಿದವರಿಗೆ ಹೊಲಿಗೆ ಕ್ಲಾಸು ಎನ್ನುತ್ತಿದ್ದೆ. ನಿಜಕ್ಕೂ ಹೋಗುತ್ತಿದ್ದುದು ಒಂದು ನರ್ಸಿಂಗ್ ಹೋಮಿನ ಮಹಡಿಗೆ. ಕೆಟ್ಟ ಯೋಚನೆ ಬಿಡದೆ ಕಾಡುವವರನ್ನೆಲ್ಲ ಅಲ್ಲಿ ಡಾಕ್ಟರ್ ಪುರುಷೋತ್ತಮ ಅವರು ಸುತ್ತ ಕುರ್ಚಿ ಹಾಕಿ ಕೂರಿಸಿ, ಒಬ್ಬರ ಮುಂದೊಬ್ಬರು ಹೇಳಿಕೊಳ್ಳುವಂತೆ ಮಾಡುತ್ತಿದ್ದರು.

ನನ್ನ ಯೋಚನೆ ಸರಳವಾದದ್ದು. ಏನು ಕೆಟ್ಟರೂ ಅದು ನನ್ನಿಂದ. ಹಾಲು ಒಡೆದರೆ ನನ್ನಿಂದ, ಯಜಮಾನರ ಪ್ರಮೋಷನ್ ತಪ್ಪಿದರೆ ನನ್ನಿಂದ, ಪಕ್ಕದ ಮನೆಯವರ ಹಪ್ಪಳ ಮಳೆಗೆ ನೆನೆದರೂ ನನ್ನಿಂದ. ಅಷ್ಟು ಅಧಿಕಾರ ಯಾವ ಮಂತ್ರಿಗೂ ಇದ್ದಿರಲಾರದು. ಆದರೆ ಸಾರಿಗೆ ಯಾವ ತರಕಾರಿ ಎಂದು ತೀರ್ಮಾನಿಸುವ ಅಧಿಕಾರ ಮಾತ್ರ ನಮ್ಮ ಮನೆಯಲ್ಲಿ ನನಗಿರಲಿಲ್ಲ.

ಈ ಗುಂಪಿನಲ್ಲಾದರೂ ಕೆಟ್ಟ ಯೋಚನೆಯಲ್ಲಿ ನಾನೇ ಮೊದಲನೆಯವಳಾಗಬಹುದು ಅಂದುಕೊಂಡಿದ್ದೆ. ಅದೂ ಆಗಲಿಲ್ಲ. ಆ ಸ್ಥಾನವನ್ನು ಬಸವ್ವ ಹೊಡೆದುಕೊಂಡಳು.

ಬಸವ್ವ ಗದಗಿನ ಕಡೆಯವಳು, ವಿಜಯನಗರದಲ್ಲಿ ಸಂಸಾರ. ಗಂಡ ಪಂಚಾಕ್ಷರಿ ಸರ್ಕಾರಿ ಕಚೇರಿಯಲ್ಲಿ ಕೆಲಸದಲ್ಲಿದ್ದ. ಮನೆಯಲ್ಲಿ ಅತ್ತೆ, ಇಬ್ಬರು ಮೈದುನರು. ಹೆಂಡತಿ ಒಲೆ ಮುಂದೆ ಅಳುತ್ತಾಳೆ ಎಂದು ಗಂಡನೇ ಅವಳನ್ನು ಕರೆತಂದು ಬಿಟ್ಟಿದ್ದ, ರಿಪೇರಿಗೆ ಸ್ಟೋವ್ ಬಿಟ್ಟು ಹೋಗುವ ಹಾಗೆ.

ಮೊದಲ ದಿನ ಬಾಯಿ ಬಿಡಲಿಲ್ಲ. ಎರಡನೆಯ ಸಲ ಸೆರಗಿನ ತುದಿ ತಿರುವುತ್ತ ಹೇಳಿದಳು. "ದಿನಾ ರೊಟ್ಟಿ ಬಡಿಯೋವಾಗ ಒಂದ ವಿಚಾರ ಬರ್ತದ್ರಿ. ನಾ ಇಲ್ಲೇ ಬಿದ್ದು ಸತ್ತೆ ಅನ್ರಿ, ಹೊರಗ ಕುಂತವ್ರು ನನ್ನ ನೋಡಾಕ ಬರಂಗಿಲ್ಲ. 'ಯಾಕ, ಬಿಸಿ ರೊಟ್ಟಿ ಬರಲಿಲ್ಲ?' ಅಂತ ಕೂಗ್ತಾರ."

ಹಾಲು ಹಪ್ಪಳದ ನನ್ನ ಯೋಚನೆಗಳು ನಾಚಿಕೊಂಡು ಮೂಲೆಗೆ ಸೇರಿದವು.

ಡಾಕ್ಟರು ಯಾವಾಗಲೂ ಹೇಳುವ ಮಾತನ್ನೇ ಹೇಳಿದರು. "ಯೋಚನೇನ ಓಡಿಸ್ಬೇಡಿ, ಅದರ ಹತ್ರ ಸಾಕ್ಷಿ ಕೇಳಿ. ರೊಟ್ಟಿ ಬಿಟ್ರೆ ನಾನು ಯಾರಿಗೂ ಬೇಡ ಅನ್ನುತ್ತೆ ಅಲ್ವಾ ಅದು? ಪರೀಕ್ಷೆ ಮಾಡೋಣ. ಒಂದಿನ ಅವರ ಜೊತೆಗೇ ಊಟಕ್ಕೆ ಕೂತ್ಕೊಳ್ಳಿ. ಏನಾಗುತ್ತೆ ನೋಡಿ."

"ನಾ ಕುಂತರ ರೊಟ್ಟಿ ಬಡಿಯೋರು ಯಾರ್ರೀ?"

"ಅದೂ ಒಂದು ಯೋಚನೆ ತಾನೆ, ಬಸವ್ವ?"

"ವಿಚಾರ ಅಲ್ರೀ ಡಾಕ್ಟ್ರ, ಲೆಕ್ಕ. ಹಂಚು ಒಂದು, ಬಡಿಯೋ ಕೈ ಎರಡು. ಉಣ್ಣೋ ಬಾಯಿ ಅಷ್ಟೂ ಹೊರಗ ಕುಂತಾವು."

ಡಾಕ್ಟರು ಕನ್ನಡಕ ತೆಗೆದು ಒರೆಸತೊಡಗಿದರು. ಮೂಡಲಪಾಳ್ಯದ ಚಿಕ್ಕಮುನಿಯಪ್ಪನವರಿಗೆ ನಗು ತಡೆಯಲಾಗಲಿಲ್ಲ. ಬಡಾವಣೆಗೆಂದು ಸರ್ಕಾರ ಅರ್ಧ ಹೊಲ ಹಿಡಿದ ಮೇಲೆ, ರಸ್ತೆಯಲ್ಲಿ ಜೀಪು ಕಂಡರೆ ಉಳಿದ ಹೊಲವೂ ಹೋಯಿತು ಎಂದು ನಡುಗುವ ಮನುಷ್ಯ ಅವರು. "ಸಾರ್, ಇದುಕ್ಕೆ ಮಾತ್ರೆ ಗೀತ್ರೆ ಇಲ್ವಾ? ಆ ಗಂಡಂಗೇ ಕೊಟ್ಬುಡಿ."

ಅಷ್ಟರಲ್ಲಿ ಕಾಫಿ ಫ್ಲಾಸ್ಕ್ ಬಂತು. ಬಸವ್ವ ಎದ್ದಳು, ಅವಳಿಗಿಂತ ಮೊದಲು ನಾನು ಎದ್ದಿದ್ದೆ. ಗಂಡಸರ ಯೋಚನೆ ಎಷ್ಟೇ ಕೆಟ್ಟಿರಲಿ, ಕಾಫಿ ಬಗ್ಗಿಸುವ ಯೋಚನೆ ಮಾತ್ರ ಅವರಿಗೆ ಬರುತ್ತಿರಲಿಲ್ಲ.

ಮುಂದಿನ ಗುರುವಾರ ಬಸವ್ವ ಬಟ್ಟೆಯ ಗಂಟೊಂದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಕಣ್ಣಿನಲ್ಲಿ ತುಂಟತನವಿತ್ತು. ಕೇಳುವ ಮೊದಲೇ ಶುರು ಮಾಡಿದಳು.

ಬಿಸಿ ರೊಟ್ಟಿಯ ಲೆಕ್ಕ ಹೇಗೆ ಹಾಕಿದರೂ ಕೂಡಲಿಲ್ಲವಂತೆ. ಆಗ ಅವ್ವನ ಕಟಕ ರೊಟ್ಟಿ ನೆನಪಾಯಿತು. ತೆಳ್ಳಗೆ ಬಡಿದು, ಹಂಚಿನ ಅಂಚಿಗೆ ನಿಲ್ಲಿಸಿ ಒಣಗಿಸಿದರೆ ತಿಂಗಳಾದರೂ ಕೆಡದು. ಭಾನುವಾರ ಎಲ್ಲರೂ ಮಲಗಿದ್ದ ಮಧ್ಯಾಹ್ನ ಒಂದು ಒಟ್ಟಿಲು ಸುಟ್ಟು ಬಿಳಿ ಬಟ್ಟೆಯಲ್ಲಿ ಕಟ್ಟಿಟ್ಟಳು. ಸಂಜೆ ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು ಬಡಿಸಿ, ಗಂಟು ಬಿಚ್ಚಿ ನಡುವೆ ಇಟ್ಟು, ತನಗೂ ಒಂದು ತಟ್ಟೆ ಹಾಕಿಕೊಂಡು ಗಂಡನ ಪಕ್ಕದಲ್ಲೇ ಕೂತಳು.

"ಆಮ್ಯಾಲ?" ಎಂದೆ. ಅವಳ ಭಾಷೆ ನನ್ನ ಬಾಯಿಗೂ ಬಂದಿತ್ತು.

"ನಮ್ಮ ಮನಿಯವ್ರು ಗಂಟು ನೋಡಿದ್ರು, ನನ್ನ ನೋಡಿದ್ರು. ಬೆಳ್ಳಗಾದ್ರು. 'ಎಲ್ಲಿಗೆ ಹೊಂಟೀ?' ಅಂದ್ರು."

ನಮಗೆ ಅರ್ಥವಾಗಲಿಲ್ಲ. ಅವಳೇ ಹೇಳಿದಳು. ಅವರ ಕಡೆ ಕಟಕ ರೊಟ್ಟಿಯ ಗಂಟು ಕಟ್ಟುವುದೇ ದೂರದ ಊರಿಗೆ ಹೊರಟಾಗ. ಹಬ್ಬವಿಲ್ಲ, ತವರಿನಿಂದ ಕಾಗದವಿಲ್ಲ, ಹೆಂಡತಿ ಗಂಟು ಕಟ್ಟಿದ್ದಾಳೆಂದರೆ ಪಂಚಾಕ್ಷರಿ ಇನ್ನೇನು ತಿಳಿಯಬೇಕು?

"ಹೇಳ್ಬೇಕಂದ್ರ ಬಾಯಾಗ ರೊಟ್ಟಿ. ಕಟಕ ರೊಟ್ಟಿ ಲಗೂನ ನುಂಗಾಕ ಬರ್ತದೇನ್ರಿ? ಅಗಿಯಾಕತ್ತೆ. ನಾ ಸಿಟ್ಟಾಗೇನಿ ಅಂತ ತಿಳದ್ರು. 'ಬಿಸಿ ರೊಟ್ಟಿ ಬ್ಯಾಡ ಬಿಡು, ಇವನ್ನ ತಿಂತೀವಿ, ನೀ ಮಾತ್ರ ಹೋಗಬ್ಯಾಡ' ಅಂದ್ರು. ಇನ್ನೂ ಅಗಿಯಾಕತ್ತೆ. 'ಸಂಜೀ ಮುಂದ ಮನೀಗೆ ಬಂದ್ರ ನೀ ಇರಬೇಕು' ಅಂದ್ರು." ತೊಡೆಯ ಮೇಲಿನ ಗಂಟನ್ನು ಸವರಿದಳು. "ಲಗ್ನ ಆದಾಗಿಂದ ಇಂಥಾ ಮಾತು ಅವರ ಬಾಯಾಗ ಕೇಳಿದ್ದಿಲ್ರಿ."

"ಅತ್ತೆಯವರು?" ಡಾಕ್ಟರು ಕೇಳಿದರು.

"ಬೈತಾರ ಅಂತ ಮಾಡಿದ್ದೆ. ಇನ್ನೊಂದು ರೊಟ್ಟಿ ಮುರಕೊಂಡು, 'ಹೊಂಟ್ರ ನನ್ನೂ ಕರಕೊಂಡು ಹೋಗವಾ' ಅಂದ್ರು."

ನಮ್ಮ ನಗು ಕೇಳಿ ಕೆಳಗಿನ ನರ್ಸಮ್ಮ ಮೇಲೆ ಬಂದು ನೋಡಿ ಹೋದಳು. ಡಾಕ್ಟರು ಸಾವರಿಸಿಕೊಂಡು ಕೇಳಿದರು. "ಹಾಗಾದ್ರೆ ನಿಮ್ಮ ಯೋಚನೆ ಸುಳ್ಳು ಅಂತ ಆಯ್ತಲ್ಲ?"

"ಅರ್ಧ ಸುಳ್ರಿ. ಉಳಿದ ಅರ್ಧ ನೋಡ್ಬೇಕಲ್ಲ? ಅದಕ್ಕ ಊರಿಗೆ ಹೋಗಂಗಿಲ್ಲ ಅಂತ ನಾ ಇನ್ನೂ ಹೇಳಿಲ್ಲ. ನಿನ್ನೆ ಅತ್ತಿ ಉಂಡ ಗಂಗಾಳ ಮೈದುನ ತೊಳದ."

ಗಂಟು ಬಿಚ್ಚಿ ಎಲ್ಲರಿಗೂ ರೊಟ್ಟಿ ಮುರಿದು ಕೊಟ್ಟಳು, ಮೇಲೆ ಚಿಟಿಕೆ ಚಟ್ನಿಪುಡಿ. ಮಹಡಿಯ ತುಂಬ ಕಟಕಟ ಸದ್ದು. ಆಗಲೇ ಫ್ಲಾಸ್ಕ್ ಬಂತು. ನಾನು ಎಂದಿನಂತೆ ಅರ್ಧ ಎದ್ದೆ. ಬಸವ್ವ ನನ್ನ ಮೊಣಕಾಲಿನ ಮೇಲೆ ಕೈಯೊತ್ತಿ ಕೂರಿಸಿದಳು. ರೊಟ್ಟಿ ಬಡಿದ ಕೈ, ಅಲುಗಾಡಲು ಆಗಲಿಲ್ಲ.

ಫ್ಲಾಸ್ಕ್ ಮೇಜಿನ ಮೇಲೆ ಕೂತಿತ್ತು, ನಾವು ಕುರ್ಚಿಯ ಮೇಲೆ. ಕೊನೆಗೆ ಚಿಕ್ಕಮುನಿಯಪ್ಪನವರು "ಅಯ್ಯೋ ಶಿವನೇ, ತಣ್ಣಗಾಯ್ತದೆ ಕಣ್ರಮ್ಮಾ" ಎನ್ನುತ್ತ ಎದ್ದು ಬಗ್ಗಿಸಿದರು. ಲೋಟಕ್ಕೆ ಬಿದ್ದುದಕ್ಕಿಂತ ಮೇಜಿಗೆ ಬಿದ್ದುದೇ ಹೆಚ್ಚು.

ಚೆಲ್ಲಿದ್ದು ನನ್ನಿಂದಲೇ ಎಂದು ತಕ್ಷಣ ಅನ್ನಿಸಿತು. ಆದರೆ ಬಾಯಲ್ಲಿ ರೊಟ್ಟಿಯಿತ್ತು. ಅಗಿಯುತ್ತ ಕೂತೆ.